ಕತ್ತರಿಸಿದಷ್ಟೂ ಹೆಚ್ಚುವ ಕಡಲ ಹೂ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರನ್ನು ನೀವು ಕಂಡಿದ್ದೀರಿ. ಕೆಲವು ಹವ್ಯಾಸಿಗಳು ಇನ್ನೂ ಮುಂದೆ ಹೋಗಿ, ಉಪ್ಪುನೀರಿನ ತೊಟ್ಟಿಯಲ್ಲಿ ಜೀವಂತ ಹವಳಗಳನ್ನೇ ಬೆಳೆಸುತ್ತಾರೆ. ಇಂಥ ತೊಟ್ಟಿಯ ಕಲ್ಲಿನ ಸಂದಿಯಲ್ಲಿ ಒಂದು ದಿನ ಕಂದು ಬಣ್ಣದ, ಗಾಜಿನಂತೆ ಅರೆಪಾರದರ್ಶಕವಾದ ಪುಟ್ಟ ಹೂವೊಂದು ಅರಳಿ ನಿಲ್ಲುತ್ತದೆ. ನೋಡಲು ಚೆಂದವೇ. ಆದರೆ ಕೆಲವು ತಿಂಗಳು ಕಳೆಯುವುದರೊಳಗೆ ಅದು ಹತ್ತಾಗಿ, ನೂರಾಗಿ, ಅಕ್ಕಪಕ್ಕದ ಹವಳಗಳನ್ನು ಕುಟುಕಿ ಸಾಯಿಸತೊಡಗುತ್ತದೆ. ಕಿತ್ತು ಹಾಕೋಣವೆಂದರೆ ಕಿತ್ತ ಜಾಗದಲ್ಲಿ ಮೊದಲಿಗಿಂತ ಹೆಚ್ಚು ಹುಟ್ಟುತ್ತವೆ. ಇದರ ಹೆಸರು ಐಪ್ಟೇಸಿಯ.

ಇದನ್ನು ಹತೋಟಿಗೆ ತರಲು ಮನುಷ್ಯ ಪಟ್ಟ ಪಾಡಿಗೆ ಒಂದು ಚರಿತ್ರೆಯಿದೆ. ಅದು ಅಕ್ವೇರಿಯಂ ಹುಟ್ಟುವುದಕ್ಕೂ ಮೊದಲೇ ಶುರುವಾಗುತ್ತದೆ. ಅದು ಮುಟ್ಟಿರುವ ಜಾಗವಂತೂ ಯಾರೂ ಊಹಿಸದಂಥದು.

ಹೂವಲ್ಲ, ಪ್ರಾಣಿ

ಕಡಲ ಹೂ ಅಥವಾ ಸೀ ಅನಿಮೋನ್ ಸಸ್ಯವಲ್ಲ, ಪ್ರಾಣಿ. ಹವಳ, ಲೋಳೆಮೀನು, ಹೈಡ್ರಾಗಳಂತೆ ಇದೂ ನೈಡೇರಿಯ ವಂಶಕ್ಕೆ ಸೇರಿದ್ದು. ಹಳೆಯ ಪಠ್ಯಪುಸ್ತಕಗಳಲ್ಲಿ ಈ ಗುಂಪನ್ನು ಸೀಲೆಂಟರೇಟ ಎಂದು ನೀವು ಓದಿರಬಹುದು. ದೇಹ ಒಂದು ಕೊಳವೆ. ಕೆಳತುದಿಯಲ್ಲಿ ಕಲ್ಲಿಗೆ ಅಂಟಿಕೊಳ್ಳುವ ಪಾದ, ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ದಳಗಳಂತೆ ಕಾಣುವ ಕರಬಳ್ಳಿಗಳು. ಕರಬಳ್ಳಿಗಳ ತುಂಬ ಕುಟುಕು ಕೋಶಗಳು. ಐಪ್ಟೇಸಿಯಕ್ಕೆ ಇನ್ನೂ ಒಂದು ಅನುಕೂಲವಿದೆ. ಅದರ ಜೀವಕೋಶಗಳೊಳಗೆ ಏಕಕೋಶ ಶೈವಲಗಳು ವಾಸಿಸುತ್ತವೆ. ದ್ಯುತಿಸಂಶ್ಲೇಷಣೆಯಿಂದ ಅವು ತಯಾರಿಸಿದ ಆಹಾರದಲ್ಲಿ ಆಶ್ರಯದಾತನಿಗೂ ಪಾಲು ಸಿಗುತ್ತದೆ. ಕಂದು ಬಣ್ಣ ಬಂದಿರುವುದೂ ಈ ಶೈವಲಗಳಿಂದಲೇ.

ಹೀಗಾಗಿ ಹವಳಗಳಿಗೆಂದು ಉರಿಸಿದ ಪ್ರಖರ ದೀಪ, ಮೀನುಗಳಿಗೆಂದು ಹಾಕಿದ ಆಹಾರ, ಎರಡೂ ಐಪ್ಟೇಸಿಯಕ್ಕೆ ಹಬ್ಬದೂಟ. ಕಡಲಿನಲ್ಲಿ ಇದನ್ನು ತಿನ್ನುವ ಶತ್ರುಗಳಿವೆ. ತೊಟ್ಟಿಯಲ್ಲಿ ಅವಿಲ್ಲ. ಶತ್ರುವಿಲ್ಲದ ನಾಡಿಗೆ ಬಂದ ಪಾರ್ಥೇನಿಯಂ ನಮ್ಮ ಬಯಲುಗಳಲ್ಲಿ ಹೇಗೆ ಹರಡಿತೆಂಬುದನ್ನು ನೆನಪಿಸಿಕೊಳ್ಳಿ.

ಟ್ರೆಂಬ್ಲೆಯ ಕತ್ತರಿ

ಕತ್ತರಿಸಿದರೆ ಸಾಯದ ಪ್ರಾಣಿಯೂ ಇದೆ ಎಂಬುದು ವಿಜ್ಞಾನಕ್ಕೆ ಮನದಟ್ಟಾದದ್ದು 1740ರಲ್ಲಿ. ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಆಗ ಹಾಲೆಂಡಿನ ಹೇಗ್ ನಗರದ ಬಳಿ ಶ್ರೀಮಂತರೊಬ್ಬರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಹಳ್ಳದ ನೀರಿನಲ್ಲಿ ಸಿಕ್ಕ ಹಸಿರು ಬಣ್ಣದ ಸಣ್ಣ ಜೀವಿಯೊಂದು ಅವರಿಗೆ ಒಗಟಾಯಿತು. ಅದು ಗಿಡವೋ ಪ್ರಾಣಿಯೋ? ಅವರು ಯೋಚಿಸಿದ ಪರೀಕ್ಷೆ ಸರಳವಾಗಿತ್ತು: ಎರಡು ತುಂಡು ಮಾಡುವುದು. ತುಂಡುಗಳು ಚಿಗುರಿದರೆ ಗಿಡ, ಸತ್ತರೆ ಪ್ರಾಣಿ. ನವೆಂಬರ್ ತಿಂಗಳಲ್ಲಿ ಕತ್ತರಿಸಿದರು. ಎರಡು ತುಂಡುಗಳೂ ಬೆಳೆದು ಎರಡು ಪೂರ್ಣ ಜೀವಿಗಳಾದವು. ಆದರೆ ಅವು ನಡೆಯುತ್ತಿದ್ದವು, ಬೇಟೆ ಹಿಡಿದು ನುಂಗುತ್ತಿದ್ದವು! ಅದು ಪ್ರಾಣಿಯೇ ಎಂದು ಒಪ್ಪಬೇಕಾಯಿತು. ಇದೇ ನಾವು ಇಂದು ಬಲ್ಲ ಹೈಡ್ರಾ. ಈ ಕೆಲಸಕ್ಕೆ 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಟ್ರೆಂಬ್ಲೆಗೆ ಕಾಪ್ಲಿ ಪದಕ ನೀಡಿತು. 1744ರಲ್ಲಿ ಅವರ ಗ್ರಂಥ ಹೊರಬಂತು.

ಇದೇ ಪ್ರಶ್ನೆಯನ್ನು ಕಡಲ ಹೂಗಳಿಗೆ ಹಾಕಿದವರು ಫ್ರಾನ್ಸಿನ ಲ ಆವ್ರ ಬಂದರಿನ ಪಾದ್ರಿ ಡಿಕ್‌ಮಾರ್. ಕಡಲ ಹೂಗಳನ್ನು ಕತ್ತರಿಸಿ, ಅವು ಕಳೆದುಕೊಂಡ ಭಾಗಗಳನ್ನು ಮತ್ತೆ ಬೆಳೆಸಿಕೊಳ್ಳುವುದನ್ನು ನೋಡಿ, 1773ರಿಂದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಂದರೆ ಅಲಗಿನಿಂದ ಕಡಲ ಹೂವನ್ನು ಗೆಲ್ಲಲಾಗದು ಎಂಬ ತಿಳಿವಳಿಕೆ ಇನ್ನೂರೈವತ್ತು ವರ್ಷ ಹಳೆಯದು. ಆದರೂ ಇಂದಿಗೂ ಐಪ್ಟೇಸಿಯವನ್ನು ಕಂಡವರು ಮೊದಲು ಕೈಗೆತ್ತಿಕೊಳ್ಳುವುದು ಚಾಕು ಅಥವಾ ಚಿಮಟವನ್ನೇ.

ಕಡಲು ಮನೆಗೆ ಬಂತು

ಕಡಲ ಹೂಗಳನ್ನು ದಿನದಿನವೂ ಗಮನಿಸಬೇಕಾದರೆ ಅವು ಮನೆಯಲ್ಲಿ ಬದುಕಬೇಕು. ಆ ಉಪಾಯ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1832ರಲ್ಲಿ ಸಿಸಿಲಿಯ ಮೆಸಿನಾದಲ್ಲಿ ಜಾನ್ ವಿಲ್‌ಪ್ರೂ ಪವರ್ ಎಂಬ ಮಹಿಳೆ ಆರ್ಗೊನಾಟ್ ಎಂಬ ಮೃದ್ವಂಗಿಯ ಅಧ್ಯಯನಕ್ಕಾಗಿ ಗಾಜಿನ ತೊಟ್ಟಿಗಳನ್ನು ಮಾಡಿಸಿದರು. 1846ರಲ್ಲಿ ಆನಾ ಥಿನ್ ಎಂಬ ಇನ್ನೊಬ್ಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಹವಳಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದರು. ಆಗ ಗಾಳಿ ಪಂಪು ಎಲ್ಲಿತ್ತು? ತೆರೆದ ಕಿಟಕಿಯ ಮುಂದೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿದು ಗಾಳಿ ಬೆರೆಸಬೇಕಿತ್ತು. ಹವಳಗಳು ಮೂರು ವರ್ಷ ಬದುಕಿದವು. ಅವು ಹೇಗೆ ಸಂಖ್ಯೆಯಲ್ಲಿ ಹೆಚ್ಚಿದವು ಎಂಬುದನ್ನು ಕುರಿತು ಥಿನ್ 1859ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದರು.

1850ರಲ್ಲಿ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್, ಮೀನು, ನೀರಿನ ಸಸ್ಯ, ಬಸವನಹುಳು ಮೂರನ್ನೂ ಸೇರಿಸಿದರೆ ನೀರು ಬದಲಿಸದೆಯೇ ತೊಟ್ಟಿ ನಡೆಯುತ್ತದೆಂದು ತೋರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂದ ಮೇಲಂತೂ ಇದು ಮನೆಮನೆಯ ಗೀಳಾಯಿತು. ಆಗಿನ ತೊಟ್ಟಿಗಳ ಮುಖ್ಯ ಅಲಂಕಾರವೇ ಕಡಲ ಹೂ. ಸ್ಕಾಟ್ಲೆಂಡಿನಲ್ಲಿ ಜಾನ್ ಡ್ಯಾಲ್ಯೆಲ್ 1828ರಲ್ಲಿ ತೀರದಿಂದ ತಂದಿದ್ದ ಒಂದು ಕಡಲ ಹೂವಿಗೆ 'ಗ್ರಾನಿ', ಅಂದರೆ ಅಜ್ಜಿ, ಎಂಬ ಹೆಸರೇ ಬಿದ್ದಿತ್ತು. ಅದು ಕೈಯಿಂದ ಕೈಗೆ ಬದಲಾಗಿ, ತಂದವರನ್ನೂ ಮೀರಿ ಬದುಕಿ, ಸತ್ತದ್ದು 1887ರಲ್ಲಿ!

ಗಾಸ್ 1858ರಲ್ಲಿ ಒಂದು ಬಗೆಯ ಕಡಲ ಹೂಗಳ ಜಾತಿಗೆ ಐಪ್ಟೇಸಿಯ ಎಂದು ಹೆಸರಿಟ್ಟರು. ಕಡಲ ಹೂಗಳನ್ನು ಜನರಿಗೆ ಪ್ರಿಯವಾಗಿಸಿದವರೇ ಮುಂದೆ ಪೀಡೆಯೆನಿಸಿದ ಜಾತಿಗೂ ನಾಮಕರಣ ಮಾಡಿದಂತಾಯಿತು.

ಜೀವಂತ ಕಲ್ಲಿನೊಡನೆ ಬಂದ ಅತಿಥಿ

ಉಷ್ಣವಲಯದ ಹವಳವನ್ನು ತೊಟ್ಟಿಯಲ್ಲಿ ಬೆಳೆಸುವುದು ಬಹುಕಾಲ ಸಾಧ್ಯವಾಗಿರಲಿಲ್ಲ. 1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ತಮ್ಮ ವಿಧಾನವನ್ನು ಪ್ರಕಟಿಸಿದರು. ಕಡಲಿನಿಂದ ಜೀವಿಗಳ ಸಮೇತ ತಂದ ಕಲ್ಲು, ಕಡಲ ನೀರು, ಬಿಸಿಲು, ಗಾಳಿಗುಳ್ಳೆ ಇವಿಷ್ಟೇ ಅದರ ಸಾಮಗ್ರಿ. ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾಗಳೇ ಮೀನಿನ ತ್ಯಾಜ್ಯದ ಅಮೋನಿಯವನ್ನು ಬದಲಿಸಿ ನೀರನ್ನು ಶುದ್ಧವಾಗಿಡುತ್ತವೆ. ಈ 'ಜೀವಂತ ಕಲ್ಲು' 1980ರ ದಶಕದಲ್ಲಿ ಯುರೋಪ್, ಅಮೆರಿಕಗಳ ಮನೆ ಮನೆ ಸೇರಿತು. ಕಲ್ಲಿನೊಂದಿಗೆ ಐಪ್ಟೇಸಿಯವೂ ಸೇರಿತು.

ಇದರ ಹೆಚ್ಚಳದ ಗುಟ್ಟು ಪಾದದಲ್ಲಿದೆ. ಪಾದದ ಅಂಚಿನಿಂದ ಸಣ್ಣ ಸಣ್ಣ ಚೂರುಗಳು ಕಳಚಿಕೊಂಡು, ಪ್ರತಿಯೊಂದೂ ಬಾಯಿ, ಕರಬಳ್ಳಿಗಳನ್ನು ಬೆಳೆಸಿಕೊಂಡು ಹೊಸ ಪ್ರಾಣಿಯಾಗುತ್ತದೆ. ಗಂಡು ಹೆಣ್ಣು ಸೇರಬೇಕಾಗಿಲ್ಲ; ಇದು ಅಲೈಂಗಿಕ ಸಂತಾನೋತ್ಪತ್ತಿ. ಹೊಲದಲ್ಲಿ ಜೇಕನ್ನು ಮೇಲೆ ಮೇಲೆ ಕಿತ್ತರೆ ಗೆಡ್ಡೆ ಉಳಿದು ಮತ್ತೆ ಚಿಗುರುತ್ತದಲ್ಲವೆ? ಇಲ್ಲಿಯೂ ಹಾಗೆಯೇ. ಚಾಕುವಿನಿಂದ ಕೆರೆದಾಗ ಕಲ್ಲಿನ ಸಂದಿಯಲ್ಲಿ ಉಳಿದ ಪಾದದ ಚೂರೇ ಗೆಡ್ಡೆ.

ಸುಣ್ಣದ ಮದ್ದು

ಅಲಗು ಸೋತ ಮೇಲೆ ಹವ್ಯಾಸಿಗಳು ರಸಾಯನದ ಮೊರೆ ಹೊಕ್ಕರು. ಸಿರಿಂಜಿನಲ್ಲಿ ಕುದಿನೀರು, ನಿಂಬೆರಸ, ವಿನೆಗರ್ ಎಲ್ಲವನ್ನೂ ಪ್ರಯೋಗಿಸಿದರು. ಹೆಚ್ಚು ನೆಲೆನಿಂತದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಅರಳಿದ ಸುಣ್ಣ. ಇದನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ತೊಟ್ಟಿಯ ಪಂಪು ನಿಲ್ಲಿಸಿ, ಅನಿಮೋನ್ ಅರಳಿರುವಾಗಲೇ ಮೆಲ್ಲನೆ ಅದರ ಬಾಯಿಗೆ ಬಿಡುತ್ತಾರೆ. ಪರ್ಯಾಪ್ತ ಸುಣ್ಣದ ನೀರಿನ ಪಿಎಚ್ ಸುಮಾರು 12.4. ಇಷ್ಟು ತೀವ್ರ ಕ್ಷಾರದಲ್ಲಿ ಮೃದು ದೇಹ ಒಳಗಿನಿಂದಲೇ ಕರಗುತ್ತದೆ. ಮುಟ್ಟಿ ಹೆದರಿಸಿದರೆ ಅದು ಸಂದಿಯೊಳಗೆ ಕುಗ್ಗಿಬಿಡುತ್ತದೆ. ಆಗ ಸುಣ್ಣ ಹೊರಗೇ ಉಳಿದು, ಪಾದ ಬದುಕುತ್ತದೆ.

ಈ ಮದ್ದಿಗೂ ಮಿತಿಯಿದೆ. ಒಮ್ಮೆಲೇ ಹೆಚ್ಚು ಸುಣ್ಣ ಬಿಟ್ಟರೆ ಇಡೀ ತೊಟ್ಟಿಯ ಪಿಎಚ್ ಏರಿ ಮೀನು, ಹವಳಗಳಿಗೇ ಅಪಾಯ. ಆದ್ದರಿಂದ ದಿನಕ್ಕೆ ನಾಲ್ಕಾರನ್ನು ಮಾತ್ರ ಹೀಗೆ ಕೊಲ್ಲಬಹುದು. ಕೈಗವಸು, ಕನ್ನಡಕಗಳಿಲ್ಲದೆ ಸುಣ್ಣವನ್ನು ಮುಟ್ಟಲೂಬಾರದು. ಕೈಗೆಟುಕದ ಸಂದಿಗಳಲ್ಲಿರುವುದಕ್ಕೆ ಏನು ಮಾಡುವುದು?

ಶತ್ರುವಿನ ಶತ್ರು

ಅದಕ್ಕೆ ಉತ್ತರ ಕಡಲಿನಲ್ಲೇ ಇತ್ತು. ಬರ್ಗಿಯ ಎಂಬುದು ಚಿಪ್ಪಿಲ್ಲದ, ಎರಡು ಮೂರು ಸೆಂಟಿಮೀಟರ್ ಉದ್ದದ ಕಡಲ ಮೃದ್ವಂಗಿ. ಐಪ್ಟೇಸಿಯವೇ ಇದರ ಆಹಾರ. ಅಷ್ಟೇ ಅಲ್ಲ, ತಿಂದ ಅನಿಮೋನಿನ ಕುಟುಕು ಕಣಗಳು ಸಿಡಿಯದಂತೆ ನೋಡಿಕೊಂಡು, ತನ್ನ ಬೆನ್ನಿನ ಬೆರಳುಗಳಂಥ ರಚನೆಗಳ ತುದಿಗೆ ಸಾಗಿಸಿ ಸ್ವರಕ್ಷಣೆಗೆ ಬಳಸಿಕೊಳ್ಳುತ್ತದೆ! 1990ರಲ್ಲಿ ಅಮೆರಿಕದ ಕ್ಯಾರೊಲ್ ಮತ್ತು ಕೆಂಫ್ ಇದನ್ನು ಪ್ರಯೋಗಾಲಯದಲ್ಲಿ ಮೊಟ್ಟೆಯಿಂದ ಬೆಳೆಸುವ ವಿಧಾನ ಪ್ರಕಟಿಸಿದರು. ಅವರಿಗೆ ಬೇಕಿದ್ದುದು ಇದರ ಜೀವನಚಕ್ರದ ಅರಿವು. ಹವ್ಯಾಸಿಗಳಿಗೆ ಸಿಕ್ಕಿದ್ದು ಜೈವಿಕ ನಿಯಂತ್ರಣದ ಸಾಧನ.

ಪಾರ್ಥೇನಿಯಂ ಕಳೆಗೆ ಮೆಕ್ಸಿಕೊದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಇದೇ ತತ್ತ್ವದ ಮೇಲೆ. ಒಂದನ್ನೇ ತಿನ್ನುವ ಶತ್ರು ಬೇರೆಯವಕ್ಕೆ ತೊಂದರೆ ಕೊಡುವುದು ಕಡಿಮೆ. ಆದರೆ ಆಹಾರ ಮುಗಿದ ದಿನ ಬರ್ಗಿಯಕ್ಕೆ ಉಪವಾಸವೇ ಗತಿ. ಅದು ಸತ್ತ ಮೇಲೆ ಸಂದಿಯಲ್ಲಿ ಒಂದೇ ಒಂದು ಐಪ್ಟೇಸಿಯ ಉಳಿದಿದ್ದರೂ ಕತೆ ಮತ್ತೆ ಮೊದಲಿನಿಂದ. ಬೇಟೆ ಮತ್ತು ಬೇಟೆಗಾರರ ಸಂಖ್ಯೆಯ ಏರಿಳಿತವನ್ನು ಪಾಠ ಮಾಡುವ ಶಿಕ್ಷಕರಿಗೆ ಇದು ಒಳ್ಳೆಯ ಉದಾಹರಣೆ.

ಪೆಪ್ಪರ್‌ಮಿಂಟ್ ಸೀಗಡಿಯದು ಇನ್ನೊಂದು ಬಗೆಯ ಪಾಠ. ಇದು ಐಪ್ಟೇಸಿಯವನ್ನು ತಿನ್ನುತ್ತದೆಂದು ಕೆಲವರು, ಮುಟ್ಟುವುದೇ ಇಲ್ಲವೆಂದು ಕೆಲವರು ವಾದಿಸುತ್ತಿದ್ದರು. 2004ರಲ್ಲಿ ರೈನ್ ಮತ್ತು ಸಂಗಡಿಗರು ಇದರ ನಿಯಂತ್ರಣ ಸಾಮರ್ಥ್ಯವನ್ನು ಪರೀಕ್ಷಿಸಿ ಪ್ರಬಂಧ ಪ್ರಕಟಿಸಿದರು. 2006ರಲ್ಲಿ ರೈನ್ ಮತ್ತು ಲಿನ್, ಒಂದೇ ಹೆಸರಿನಡಿ ಹಲವು ಪ್ರಭೇದಗಳು ಬೆರೆತಿರುವುದನ್ನು ತೋರಿಸಿ, ನಾಲ್ಕು ಹೊಸ ಪ್ರಭೇದಗಳನ್ನು ವಿವರಿಸಿದರು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಪ್ರಾಣಿಗಳನ್ನು ಕೊಂಡರೆ ಅನುಭವವೂ ಬೇರೆಯಾಗುವುದು ಸಹಜ. ವರ್ಗೀಕರಣ ಶಾಸ್ತ್ರವನ್ನು ಒಣ ವಿಷಯವೆನ್ನುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ.

ಕಳೆಯೇ ಬೆಳೆಯಾಯಿತು

ಈಗ ಚರಿತ್ರೆಯ ತಿರುವಿಗೆ ಬರೋಣ. 1998ರಲ್ಲಿ ಕಡಲು ಅತಿಯಾಗಿ ಕಾದು, ಲಕ್ಷದ್ವೀಪವೂ ಸೇರಿದಂತೆ ಜಗತ್ತಿನ ಹಲವೆಡೆ ಹವಳಗಳು ಬಿಳಿಚಿಕೊಂಡವು. ಬಿಸಿ ಹೆಚ್ಚಾದಾಗ ಹವಳ ತನ್ನೊಳಗಿನ ಶೈವಲಗಳನ್ನು ಕಳೆದುಕೊಳ್ಳುವುದೇ ಬಿಳಿಚುವಿಕೆ. ಶೈವಲ ಮರಳದಿದ್ದರೆ ಹವಳಕ್ಕೆ ಸಾವು. ಜಗತ್ತು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯಲ್ಲಿದೆಯೆಂದು 2024ರ ಏಪ್ರಿಲ್‌ನಲ್ಲಿ ದೃಢಪಟ್ಟಿತು. ಈ ಸಹಜೀವನ ಮುರಿಯುವುದಾದರೂ ಹೇಗೆ?

ಇದನ್ನು ಹವಳದಲ್ಲೇ ಅಭ್ಯಸಿಸುವುದು ಕಷ್ಟ. ಹವಳದ ಬೆಳವಣಿಗೆ ನಿಧಾನ. ಅನೇಕ ಪ್ರಭೇದಗಳು ಮೊಟ್ಟೆಯಿಡುವುದು ವರ್ಷಕ್ಕೊಮ್ಮೆ. ಸುಣ್ಣದ ಅಸ್ಥಿಪಂಜರ ಸೂಕ್ಷ್ಮದರ್ಶಕದ ಕೆಲಸಕ್ಕೆ ಅಡ್ಡಿ. ಶೈವಲ ಕಳೆದುಕೊಂಡರೆ ಬಹುಕಾಲ ಬಾಳದು. ಹಾಗಾದರೆ ಬೇಗ ಬೆಳೆಯುವ, ಅಸ್ಥಿಪಂಜರವಿಲ್ಲದ, ಅದೇ ಬಗೆಯ ಶೈವಲಗಳನ್ನು ಸಾಕುವ, ಅವಿಲ್ಲದೆಯೂ ಆಹಾರ ಕೊಟ್ಟರೆ ಬದುಕುವ, ಸುಲಭದಲ್ಲಿ ಸಾಯದ ಪ್ರಾಣಿ ಯಾವುದು? ಉತ್ತರ ನಿಮಗೆ ಹೊಳೆದಿರಬೇಕು.

2008ರಲ್ಲಿ ವರ್ಜೀನಿಯಾ ವೈಸ್ ಮತ್ತು ಸಂಗಡಿಗರು ಐಪ್ಟೇಸಿಯವನ್ನು ಮಾದರಿ ಜೀವಿಯಾಗಿ ಬಳಸಲು ಪ್ರತಿಪಾದಿಸಿದರು. ಪಾದದ ಚೂರುಗಳಿಂದ ಹುಟ್ಟಿದವೆಲ್ಲ ಒಂದೇ ತಳಿಗುಣದ ತದ್ರೂಪಿಗಳು. ತೊಟ್ಟಿಯ ಮಾಲೀಕರಿಗೆ ಇದು ಶಾಪ. ಆದರೆ ಒಂದೇ ತರಹದ ಸಾವಿರ ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಾದ ವಿಜ್ಞಾನಿಗೆ ವರ. 2014ರಲ್ಲಿ ಇದನ್ನು ಎಕ್ಸ್‌ಐಪ್ಟೇಸಿಯ ಎಂಬ ಹೊಸ ಜಾತಿಗೆ ಸೇರಿಸಲಾಯಿತು. 2015ರಲ್ಲಿ ಸುಮಾರು 26 ಕೋಟಿ ಬೇಸ್ ಜೋಡಿಗಳ ಇದರ ಜೀನೋಮ್ ಪ್ರಕಟವಾಯಿತು. ಇಂದು ಹಲವು ದೇಶಗಳ ಪ್ರಯೋಗಾಲಯಗಳು ಇದರ ಶೈವಲಗಳನ್ನು ತೆಗೆದು, ಮತ್ತೆ ಸೇರಿಸಿ, ಬಿಸಿಗೆ ಒಡ್ಡಿ, ಬಿಳಿಚುವಿಕೆಯ ಒಳಗುಟ್ಟನ್ನು ಹುಡುಕುತ್ತಿವೆ. ತೊಟ್ಟಿಯಲ್ಲಿ ಹವಳವನ್ನು ಕೊಲ್ಲುವ ಪ್ರಾಣಿಯಿಂದಲೇ ಕಡಲಿನ ಹವಳವನ್ನು ಅರಿಯುವ ಪ್ರಯತ್ನ ನಡೆದಿದೆ.

ನಿಮ್ಮ ತರಗತಿಗೆ

ತೊಟ್ಟಿ ಇಟ್ಟವರಿಗೆ ಈ ಚರಿತ್ರೆ ಹೇಳುವುದಿಷ್ಟು: ಹೊಸ ಕಲ್ಲನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿ, ಮೊದಲ ಐಪ್ಟೇಸಿಯ ಕಂಡಾಗಲೇ ಕ್ರಮ ಕೈಗೊಳ್ಳಿ, ಆಹಾರ ಮಿತವಾಗಿರಲಿ, ಕತ್ತರಿಸಬೇಡಿ. ನಮ್ಮ ದೇಶದಲ್ಲಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ.

ಟ್ರೆಂಬ್ಲೆಯ ಪ್ರಯೋಗಕ್ಕಾದರೋ ಕಡಲೂ ಬೇಡ, ಖರ್ಚೂ ಇಲ್ಲ. ನಿಮ್ಮೂರಿನ ಕೆರೆಯ ತಿಳಿನೀರಿನಿಂದ ಜಲಸಸ್ಯಗಳನ್ನು ತಂದು ಗಾಜಿನ ಲೋಟದಲ್ಲಿಡಿ. ಎಲೆಗಳ ಅಡಿಯಲ್ಲಿ ಹೈಡ್ರಾ ಇದ್ದರೆ ಭೂತಗನ್ನಡಿಯಲ್ಲಿ ಕಾಣುತ್ತದೆ. ಒಂದನ್ನು ಕೆರೆಯ ನೀರಿನಲ್ಲೇ ಇಟ್ಟು, ಶಿಕ್ಷಕರೇ ಬ್ಲೇಡಿನಿಂದ ಅಡ್ಡಲಾಗಿ ಎರಡು ಮಾಡಲಿ. ದಿನವೂ ಚಿತ್ರ ಬರೆದಿಡುವಂತೆ ವಿದ್ಯಾರ್ಥಿಗಳಿಗೆ ಹೇಳಿ. ಬುಡದ ತುಂಡಿನಲ್ಲಿ ಮೊದಲ ಕರಬಳ್ಳಿ ಮೂಡಿದ್ದು ಯಾವ ದಿನ? ನಲ್ಲಿನೀರಿನಲ್ಲಿಟ್ಟಿದ್ದರೆ ಏನಾಗುತ್ತಿತ್ತು? ಉತ್ತರವನ್ನು ಅವರೇ ಕಂಡುಕೊಳ್ಳಲಿ.