ವಂಶಾವಳಿ: ಹೆಳವರ ಹೊತ್ತಿಗೆಯಿಂದ ಡಿ.ಎನ್.ಎ. ಪರೀಕ್ಷೆಯವರೆಗೆ

ತಾನು ಯಾವ ಮನೆತನದವನು, ತನ್ನ ಹಿರಿಯರು ಎಲ್ಲಿಂದ ಬಂದವರು ಎಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ಶಿಲಾಶಾಸನ, ಕಾವ್ಯದ ಪೀಠಿಕೆ, ಹೆಳವರ ಹೊತ್ತಿಗೆ ಇವೆಲ್ಲ ಈ ಪ್ರಶ್ನೆಗೆ ನಮ್ಮ ನಾಡು ಕಂಡುಕೊಂಡ ಉತ್ತರಗಳು. ಈಗ ಈ ಸಾಲಿಗೆ ಡಿ.ಎನ್.ಎ. ಪರೀಕ್ಷೆಯೂ ಸೇರಿದೆ. ಪುಟ್ಟ ಕೊಳವೆಯಲ್ಲಿ ಎಂಜಲನ್ನು ತುಂಬಿ ಕಳುಹಿಸಿದರೆ ಕೆಲವು ವಾರಗಳಲ್ಲಿ ನಮ್ಮ ಪೂರ್ವಜರ ವಿವರ ಶೇಕಡಾವಾರು ಲೆಕ್ಕದಲ್ಲಿ ಕೈಸೇರುತ್ತದೆ. ಈ ಪರೀಕ್ಷೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಕೊಪ್ಪಳ ತಾಲ್ಲೂಕಿನ ಅಳವಂಡಿಯಂತಹ ಊರುಗಳಿರುವ ಈ ಸೀಮೆಗೆ ವಂಶಾವಳಿಯೆಂಬುದು ಹೊಸ ವಿಷಯವಲ್ಲ. ಹೆಳವರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆತನಗಳ ಚರಿತ್ರೆಯನ್ನು ಹೇಳುವುದನ್ನೇ ವೃತ್ತಿಯಾಗಿ ಉಳ್ಳವರು. ಎತ್ತಿನೊಡನೆ ಊರಿಂದೂರಿಗೆ ಸಂಚರಿಸಿ, ಒಕ್ಕಲು ಮನೆಗಳ ಮುಂದೆ ನಿಂತು, ಮೂಲಪುರುಷನಿಂದ ಮೊದಲುಗೊಂಡು ಹೆಸರುಗಳನ್ನು ಓದಿ ಹೇಳುತ್ತಾರೆ. ಕಳೆದ ಭೇಟಿಯ ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಬರೆದುಕೊಂಡು, ಕಾಳುಕಡಿ, ಬಟ್ಟೆ, ಹಣವನ್ನು ಪಡೆದು ಮುಂದೆ ಸಾಗುತ್ತಾರೆ. ಆದರೆ ಈ ಹೊತ್ತಿಗೆಯಲ್ಲಿ ಮುಖ್ಯವಾಗಿ ಕಾಣುವುದು ಗಂಡು ಸಂತತಿಯ ಒಂದೇ ಸಾಲು. ತಾಯಂದಿರ ತವರು, ಅವರ ತಾಯಂದಿರ ತವರು ಇವು ಅಲ್ಲಿ ಮರೆಯಾಗುತ್ತವೆ.

ಹೆಳವರ ಹೊತ್ತಿಗೆಗಿಂತ ಹಳೆಯದು ಶಾಸನ. ಕವಿರಾಜಮಾರ್ಗದ ಕಾಲಕ್ಕೇ ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಲ್ಪಟ್ಟ ಕೊಪಣವು ಜೈನರ ಮಹಾತೀರ್ಥವಾಗಿತ್ತು. ಈ ಕಾಲದ ವಂಶಕಥನಕ್ಕೆ ಅತ್ಯುತ್ತಮ ನಿದರ್ಶನ ಆದಿಕವಿ ಪಂಪನ ಮನೆತನದ್ದು. ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನವನ್ನು ಕೆತ್ತಿಸಿದ್ದಾನೆ. ಅದರಿಂದ ತಿಳಿಯುವುದೇನೆಂದರೆ, ಅವರ ತಂದೆ ಭೀಮಪಯ್ಯನ ಕಡೆಯವರು ವೆಂಗಿನಾಡಿನ ಶ್ರೀವತ್ಸ ಗೋತ್ರದ ಬ್ರಾಹ್ಮಣರು. ತಾಯಿ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಸಂತತಿಯವಳು. ಭೀಮಪಯ್ಯನು ಜಿನಧರ್ಮವನ್ನು ಸ್ವೀಕರಿಸಿದನು. ಒಂದೇ ಮನೆಯಲ್ಲಿ ಎರಡು ನಾಡು, ಎರಡು ಭಾಷೆ, ಎರಡು ಧರ್ಮಗಳ ನೆನಪು ಕೂಡಿಕೊಂಡಿದೆ.

ದಾನಚಿಂತಾಮಣಿ ಅತ್ತಿಮಬ್ಬೆಯ ವಿಷಯವೂ ಇಂಥದೇ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿ ಇಡೀ ಕನ್ನಡನಾಡಿನ ಹೆಮ್ಮೆಯಾದ ಈ ಮಹಾಶ್ರಾವಕಿಯ ಅಜ್ಜ ನಾಗಮಯ್ಯನೂ ವೆಂಗಿಮಂಡಲದವನೇ. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ತಾನು ಬಳೆಗಾರರ ಕುಲದವನೆಂಬುದನ್ನು ಮರೆಮಾಚಲಿಲ್ಲ.

ಇವರ ಮನೆತನಗಳ ಇಂದಿನ ವಾರಸುದಾರರು ಯಾರಾದರೂ ಡಿ.ಎನ್.ಎ. ಪರೀಕ್ಷೆ ಮಾಡಿಸಿದರೆ ಭೀಮಪಯ್ಯನ ಮತಾಂತರವಾಗಲಿ, ಅತ್ತಿಮಬ್ಬೆಯ ದಾನವಾಗಲಿ, ರನ್ನನ ವಿದ್ಯೆಯಾಗಲಿ ಅದರಲ್ಲಿ ಕಾಣದು. ಧರ್ಮವು ರಕ್ತದಲ್ಲಿ ಹರಿಯುವ ವಸ್ತುವಲ್ಲ. ಜೈನನ ವಂಶವಾಹಿ, ಶರಣನ ವಂಶವಾಹಿ ಎಂದು ಬೇರೆ ಬೇರೆ ಇಲ್ಲ. ಒಂದು ಕಾಲಕ್ಕೆ ಬಸದಿಗಳಿಂದ ತುಂಬಿದ್ದ ಕೊಪ್ಪಳದ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಹಾಗಾದರೆ ಈ ಪರೀಕ್ಷೆ ಅಳೆಯುವುದೇನನ್ನು? ವ್ಯಾಪಾರಿಗಳಿಗೆ ತಿಳಿಯುವಂತೆ ಹೇಳುವುದಾದರೆ ಇದು ಪ್ರತಿ ತಲೆಮಾರಿನಲ್ಲಿಯೂ ಅರ್ಧ ಪುಟಗಳು ಕಳಚಿಹೋಗುವ ಒಂದು ಖಾತೆಪುಸ್ತಕ. ಮಗುವಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ವೈ ವರ್ಣತಂತು ತಂದೆಯಿಂದ ಮಗನಿಗೆ, ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಕ್ಕಳಿಗೆ ಬಹುಮಟ್ಟಿಗೆ ಹಾಗೆಯೇ ಸಾಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬನಿಗೆ 1024 ಪೂರ್ವಜರ ಸ್ಥಾನಗಳು, ಇಪ್ಪತ್ತಕ್ಕೆ 10,48,576, ಮೂವತ್ತಕ್ಕೆ 107 ಕೋಟಿಗೂ ಮಿಗಿಲು. ತಲೆಮಾರಿಗೆ 25 ವರ್ಷವೆಂದರೆ ಮೂವತ್ತು ತಲೆಮಾರೆಂಬುದು 750 ವರ್ಷ. ಅಂದು ಭಾರತದಲ್ಲಿ ಅಷ್ಟು ಜನರೇ ಇರಲಿಲ್ಲ. ಅಂದಮೇಲೆ ಒಬ್ಬರೇ ಹಿರಿಯರು ಅನೇಕ ಸ್ಥಾನಗಳಲ್ಲಿ ಮತ್ತೆ ಮತ್ತೆ ಬರಲೇಬೇಕು. ನನ್ನ ಹಿರಿಯರೂ ನೆರೆಯವನ ಹಿರಿಯರೂ ಎಲ್ಲಿಯೋ ಒಂದಾಗಲೇಬೇಕು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಗೋತ್ರವು ಹತ್ತನೆಯ ತಲೆಮಾರಿನ 1024 ಸ್ಥಾನಗಳಲ್ಲಿ ಒಂದರ ಗುರುತು ಮಾತ್ರ.

ಈ ವಿದ್ಯೆಯಿಂದ ಉಪಕಾರವಿಲ್ಲವೆಂದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ ಕಡೆಯ ಸಿದ್ದಿಯರನ್ನು ನೋಡಬಹುದು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕದವರ ಸಂತತಿ ಇವರಲ್ಲಿದೆ. ಗುಲಾಮರ ವಂಶಾವಳಿಯನ್ನು ಬರೆದಿಟ್ಟವರು ಯಾರು? ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹವರ್ತಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಸಿದ್ದಿಯರ ಮೂಲ ಆಫ್ರಿಕದ ಬಂಟು ಜನರಲ್ಲಿದೆಯೆಂದೂ, ಇಲ್ಲಿಯ ಜನರೊಡನೆ ಅವರ ಬೆರಕೆ ಸುಮಾರು ಕಳೆದ 200 ವರ್ಷಗಳಲ್ಲಿ ನಡೆಯಿತೆಂದೂ ತೋರಿಸಿತು. ಹೆಳವರಿಲ್ಲದವರಿಗೆ ವಿಜ್ಞಾನವೇ ಹೆಳವನಾಯಿತು.

ಅದೇ ಸಂಸ್ಥೆಯವರು ಪಾಲ್ಗೊಂಡ ಇನ್ನೆರಡು ಅಧ್ಯಯನಗಳು ನಮ್ಮೆಲ್ಲರಿಗೂ ಸಂಬಂಧಿಸಿದವು. 73 ಸಮುದಾಯಗಳನ್ನು ಪರಿಶೀಲಿಸಿದ 2013ರ ಅಧ್ಯಯನದ ಪ್ರಕಾರ ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಜನ ವ್ಯಾಪಕವಾಗಿ ಬೆರೆತರು. ಸ್ವಜಾತಿಯೊಳಗಿನ ವಿವಾಹದ ಕಟ್ಟು ಬಿಗಿಯಾದದ್ದು ಅನಂತರ. ತಮ್ಮದು ಬೆರಕೆಯಿಲ್ಲದ ಕುಲವೆಂದು ಹೇಳಿಕೊಳ್ಳುವವರಿಗೆ ಇಲ್ಲಿ ಆಧಾರವಿಲ್ಲ. 2017ರ ಅಧ್ಯಯನವಾದರೋ, ಪರಿಶೀಲಿಸಿದ 263 ಗುಂಪುಗಳಲ್ಲಿ 81 ಗುಂಪುಗಳು ಬಹು ಸಣ್ಣ ಮೂಲದಿಂದ ಬೆಳೆದು ತಮ್ಮೊಳಗೇ ಸಂಬಂಧ ಬೆಳೆಸಿದ್ದರಿಂದ ಕೆಲವು ಆನುವಂಶಿಕ ರೋಗಗಳ ಭಯವನ್ನು ಹೊತ್ತಿವೆಯೆಂದು ಎಚ್ಚರಿಸಿತು. ಆಂಧ್ರದ ವೈಶ್ಯ ಸಮುದಾಯದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಒಂದು ಔಷಧದಿಂದ ಸ್ನಾಯುಗಳು ಬಹಳ ಹೊತ್ತು ಚಲನೆ ಕಳೆದುಕೊಳ್ಳುವ ದೋಷವು ಹೆಚ್ಚಾಗಿ ಕಾಣುವುದು ವೈದ್ಯರಿಗೆ ತಿಳಿದ ಸಂಗತಿ. ನಮ್ಮಂತಹ ಸಣ್ಣ ಸಮಾಜಗಳು ವಿವಾಹಕ್ಕೆ ಮುನ್ನ ವೈದ್ಯರ ಸಲಹೆ ಪಡೆಯುವುದಕ್ಕೆ ಈ ಜ್ಞಾನ ಸಹಾಯಕವಾದರೆ ಅದು ಜೀವದಯೆಯ ಕಾರ್ಯವೇ ಸರಿ.

ಆದರೆ ಎಚ್ಚರವೂ ಬೇಕು. ವ್ಯಾಪಾರಿ ಸಂಸ್ಥೆಗಳು ಕೊಡುವ ಶೇಕಡಾವಾರು ಲೆಕ್ಕವು ಅವರಲ್ಲಿರುವ ಮಾದರಿಗಳನ್ನು ಅವಲಂಬಿಸಿದ ಅಂದಾಜು ಮಾತ್ರ. ಈ ಕ್ಷೇತ್ರದ ಪ್ರಸಿದ್ಧ ಅಮೆರಿಕದ ಸಂಸ್ಥೆಯಾದ 23 ಆ್ಯಂಡ್ ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿತನದ ಅರ್ಜಿ ಹಾಕಿತು. ದಿವಾಳಿಯಾದ ಅಂಗಡಿಯಲ್ಲಿ ಹರಾಜಾಗುವುದು ಸಾಮಾನ್ಯವಾಗಿ ಸರಕು. ಇಲ್ಲಿ ಸರಕೇ ಗಿರಾಕಿಗಳ ವಂಶದ ಗುಟ್ಟು. ಆ ಗುಟ್ಟು ಪರೀಕ್ಷೆ ಮಾಡಿಸಿದವನೊಬ್ಬನದೇ ಅಲ್ಲ, ಒಪ್ಪಿಗೆ ಕೇಳದ ಅವನ ಒಡಹುಟ್ಟಿದವರದು ಮತ್ತು ಮಕ್ಕಳದು ಕೂಡ. ಎಂದೋ ಮುಚ್ಚಿಹೋದ ಒಂದು ಮನೆಯ ನೋವು ಕುತೂಹಲದಿಂದ ಮಾಡಿಸಿದ ಪರೀಕ್ಷೆಯಿಂದ ಬಯಲಾಗಬಹುದು. ದಂಪತಿಗಳ ಕಲಹದಲ್ಲಿ ಮಗುವಿನ ಡಿ.ಎನ್.ಎ. ಪರೀಕ್ಷೆಗೆ ವಾಡಿಕೆಯಂತೆ ಆದೇಶಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೇಳಿದ್ದರ ಹಿಂದೆಯೂ ಮಗುವಿನ ಹಿತದ ಕಾಳಜಿಯಿದೆ. ಸತ್ಯವನ್ನು ಅರಿಯುವ ಹಕ್ಕಿನ ಜೊತೆಗೆ ಆ ಸತ್ಯದಿಂದ ಯಾರಿಗೆ ಹಿಂಸೆಯಾದೀತೆಂದು ಯೋಚಿಸುವ ಹೊಣೆಯೂ ಇರುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದವೂ ಜಾತಿಮದವೂ ಸೇರಿವೆ. ಸಮ್ಯಗ್ದರ್ಶನವುಳ್ಳವನು ಯಾವ ಕೀಳೆನಿಸಿದ ಕುಲದಲ್ಲಿ ಹುಟ್ಟಿದ್ದರೂ ಪೂಜ್ಯನೇ ಎಂಬುದು ಅವರ ಅಭಿಪ್ರಾಯ. ಮನುಷ್ಯಜಾತಿ ಒಂದೇ ಎಂಬ ಪಂಪನ ನಿಲುವನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ವಧೂವರರ ಕುಲಶುದ್ಧಿಯನ್ನು ಅಳೆಯುವ ತಕ್ಕಡಿಯಾಗಿ ಈ ಪರೀಕ್ಷೆಯನ್ನು ಬಳಸಹೊರಟರೆ ಆಚಾರ್ಯರು ಬಿಡೆಂದ ಮದಕ್ಕೇ ಹೊಸ ಪ್ರಮಾಣಪತ್ರ ಕೊಟ್ಟಂತಾಗುತ್ತದೆ. ರೋಗವನ್ನು ತಡೆಯಲು, ಮರೆತ ಬಂಧುತ್ವವನ್ನು ಅರಿಯಲು ಬಳಸಿದರೆ ಅದು ವಿದ್ಯೆ. ಹಿರಿಯರಿಂದ ಬಂದದ್ದು ಈ ದೇಹ. ಅದರಿಂದ ಮಾಡುವ ಒಳಿತು ಕೆಡುಕುಗಳ ಲೆಕ್ಕ ನಮ್ಮ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ.