ಲೈಕಾಕ್ಕೂ ಮೊದಲಿನ ಓರೆನೋಟ: ರಾಡ್‌ಚೆಂಕೊ ಚಿತ್ರಗಳ ಮರುಪರಿಶೀಲನೆ

ಅಲೆಕ್ಸಾಂಡರ್ ರಾಡ್‌ಚೆಂಕೊ ಕುರಿತು ಬರೆದವರಲ್ಲಿ ಹಲವು ಸಂಗತಿಗಳ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಸೋವಿಯತ್ ಕಲಾವಿದನಾದ ಆತ ಮೂಲತಃ ಚಿತ್ರಕಾರ. ಫೋಟೊಗಳನ್ನು ಕತ್ತರಿಸಿ ಜೋಡಿಸುವ ಫೋಟೊಮಾಂಟಾಜ್‌ನಿಂದ ಛಾಯಾಗ್ರಹಣಕ್ಕೆ ಬಂದು 1924ರಲ್ಲಿ ಕ್ಯಾಮೆರಾ ಹಿಡಿದ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡುವ ಕೋನಗಳನ್ನು ಪಟ್ಟುಹಿಡಿದು ಬಳಸಿದ. ಆದರೆ ಈ ಕೋನಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೈಕಾ ಕ್ಯಾಮೆರಾ ಕೈಗೆ ಬಂದದ್ದರಿಂದ ಎಂಬುದು. ಇದನ್ನು ನಾನು ಒಪ್ಪಲಾರೆ.

ಕಾಲಾನುಕ್ರಮವೇ ಇದಕ್ಕೆ ವಿರುದ್ಧವಾಗಿದೆ. ರಾಡ್‌ಚೆಂಕೊ ಲೈಕಾ ಕೊಂಡದ್ದು 1928ರ ಕೊನೆಯಲ್ಲಿ. ಮಾಸ್ಕೋದ ಮ್ಯಾಸ್ನಿಟ್ಸ್ಕಾಯಾ ಬೀದಿಯ ಬಾಲ್ಕನಿಗಳ ಚಿತ್ರಗಳು 1925ರವು. ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿದಾಗ ಕಾಣುವಂತೆ ಅಲ್ಲಿ ಬಾಲ್ಕನಿಗಳ ಸಾಲು ಚೌಕಟ್ಟನ್ನು ಓರೆಯಾಗಿ ಸೀಳುತ್ತದೆ. ನೆಲ ಕಾಣುವುದೇ ಇಲ್ಲ. ‘ಸೊವೆತ್ಸ್ಕೊಯೆ ಫೋಟೊ’ ಪತ್ರಿಕೆಯಲ್ಲಿ ಆತನ ಮೇಲೆ ಕೃತಿಚೌರ್ಯದ ಆರೋಪ ಬಂದದ್ದು 1928ರ ಏಪ್ರಿಲ್‌ನಲ್ಲಿ. ಬಾಲ್ಕನಿಗಳ ಪಕ್ಕದಲ್ಲಿ ಛಾಯಾಗ್ರಾಹಕ ಮೊಹೊಲಿ-ನಾಗಿಯ ಬಾಲ್ಕನಿಯನ್ನೂ, ರಾಡ್‌ಚೆಂಕೊನ ಒಂದು ಮರದ ಚಿತ್ರದ ಪಕ್ಕದಲ್ಲಿ ಜರ್ಮನ್ ಛಾಯಾಗ್ರಾಹಕ ರೆಂಗರ್-ಪಾಟ್ಶ್‌ನ ಕಾರ್ಖಾನೆ ಚಿಮಣಿಯನ್ನೂ ಅಚ್ಚುಹಾಕಿ ಹೋಲಿಸಿದ್ದರು. ಅಂದರೆ ಲೈಕಾ ಕೊಳ್ಳುವ ಮೊದಲೇ ಈ ಕೋನ ಜಗಳಕ್ಕೆ ಕಾರಣವಾಗುವಷ್ಟು ಆತನ ಗುರುತಾಗಿತ್ತು.

ರಾಡ್‌ಚೆಂಕೊ ತಾನೇ ಕೊಟ್ಟ ಸಮರ್ಥನೆ ಬೇರೆ. ಅದೇ ವರ್ಷ ‘ನೋವಿ ಲೆಫ್’ ಪತ್ರಿಕೆಯಲ್ಲಿ ಲೇಖಕ ಬೋರಿಸ್ ಕುಶ್ನರ್‌ಗೆ ಉತ್ತರವಾಗಿ ಬರೆದ ಲೇಖನದಲ್ಲಿ ಆತ, ಹೊಕ್ಕುಳಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದು ತೆಗೆಯುವ ರೂಢಿಯನ್ನು ಖಂಡಿಸಿ, ಎತ್ತರದ ಕಟ್ಟಡಗಳ ನಗರವೇ ನಮ್ಮ ನೋಟವನ್ನು ಬದಲಿಸಿದೆ ಎಂದು ವಾದಿಸುತ್ತಾನೆ. ಬಾಲ್ಕನಿಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ಪತ್ರಿಕೆ ಚಿಮಣಿಯ ಜೊತೆಗಿಟ್ಟ ಆ ಮರ? 1927ರಲ್ಲಿ ಮಾಸ್ಕೋ ಬಳಿಯ ಪುಷ್ಕಿನೊದ ಪೈನ್ ಮರಗಳನ್ನೂ ಆತ ಬುಡದಿಂದ ನೆತ್ತಿಯ ಕಡೆಗೆ ಹೀಗೆಯೇ ನೋಡಿದ್ದಾನೆ. ಕಾಡಿನಂಚಿನ ಪೈನ್ ಮರಕ್ಕೆ ನಗರದ ಕಾರಣ ಅನ್ವಯಿಸುವುದಿಲ್ಲ. ನಗರದ ವಾದವನ್ನು ಆತ ಜಗಳದ ನಡುವೆ ರೂಪಿಸಿದ್ದು. ಅದನ್ನು ಆ ನೋಟದ ಮೂಲವೆಂದು ಓದಬಾರದು.

ನನ್ನ ಊಹೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1920–21ರ ಸುಮಾರಿಗೆ ರಾಡ್‌ಚೆಂಕೊ ಪ್ಲೈವುಡ್ ಹಲಗೆಯಲ್ಲಿ ಒಂದರೊಳಗೊಂದು ಆಕೃತಿಗಳನ್ನು ಕೊಯ್ದು, ತಿರುಗಿಸಿ, ತಂತಿಯಿಂದ ತೂಗುಹಾಕಿದ ರಚನೆಗಳನ್ನು ಮಾಡಿದ. ಅವುಗಳಿಗೆ ಪೀಠವಿಲ್ಲ, ಇದೇ ಮುಂಭಾಗ ಎಂದು ಹೇಳುವಂತಿಲ್ಲ. 1921ರ ಮಾಸ್ಕೋ ಪ್ರದರ್ಶನದ ಫೋಟೊಗಳಲ್ಲಿ ಅವು ಎತ್ತರದಲ್ಲಿ ತೂಗುತ್ತಿವೆ, ನೋಡಬೇಕಾದರೆ ಕತ್ತೆತ್ತಲೇಬೇಕು. ನೆಲದ ಗೆರೆಯಿಲ್ಲದೆ ವಸ್ತುವನ್ನು ನೋಡುವ ಅಭ್ಯಾಸ ಇಲ್ಲಿ ಮೊಳೆತಿರಬಹುದು ಎನ್ನುವುದಷ್ಟೇ ನನ್ನ ವಾದ. ಇದು ಸಾದೃಶ್ಯದ ಆಧಾರ, ನೇರ ಸಾಕ್ಷ್ಯವಲ್ಲ. ಮಾಂಟಾಜ್ ಕೆಲಸದಲ್ಲಿ ಚಿತ್ರಗಳನ್ನು ಕತ್ತರಿಸಿ ತಿರುಗಿಸಿದ ಅನುಭವವೂ ಇದರೊಡನೆ ಸೇರಿರಬಹುದು. ಎರಡರ ಪಾಲನ್ನು ಬೇರ್ಪಡಿಸಲು ನನ್ನಿಂದಾಗಿಲ್ಲ.

ಲೈಕಾದ ಪಾತ್ರವನ್ನು ಪೂರ್ತಿ ಅಲ್ಲಗಳೆಯುವ ಉದ್ದೇಶ ನನಗಿಲ್ಲ. 1930ರ ತುತ್ತೂರಿ ಊದುವ ಪಯೊನಿಯರ್ (ಸೋವಿಯತ್ ಮಕ್ಕಳ ಸಂಘಟನೆಯ) ಬಾಲಕನ ಚಿತ್ರದಲ್ಲಿ ಕ್ಯಾಮೆರಾ ಗಲ್ಲದ ಅಡಿಗೇ ಹೋಗಿದೆ. ಕಟ್ಟಡಗಳಿಗೂ ಮರಗಳಿಗೂ ಬಳಸಿದ ಕೋನವನ್ನು ಮನುಷ್ಯನ ಮುಖದ ಇಷ್ಟು ಹತ್ತಿರ ತರಲು ಚಿಕ್ಕ ಕ್ಯಾಮೆರಾ ಎಷ್ಟರಮಟ್ಟಿಗೆ ನೆರವಾಯಿತು ಎಂಬುದನ್ನು, 1928ರ ಮುಂಚಿನ ಮತ್ತು ನಂತರದ ನೆಗೆಟಿವ್‌ಗಳನ್ನು ಅಕ್ಕಪಕ್ಕ ಇಟ್ಟು ಪರಿಶೀಲಿಸಬೇಕಿದೆ.