ಬಾಯ್ಕಾಟ್: ಒಂದು ಮಾತಿನ ಹುಟ್ಟು

ಮಟಮಾರಿ ಸ್ಟೇಷನ್ನಿನಲ್ಲಿ ರಾಯಚೂರಿನ ಗಾಡಿ ಕಾಯುತ್ತ ಕುಂತಿದ್ದೆವು. ಕಾಲೇಜಿಗೆ ಹೋಗುವ ನಮ್ಮ ಕೇರಿಯ ಹುಡುಗ ಪುಸ್ತಕ ತೆಗೆದು, "ಬಾಯ್ಕಾಟ್ ಅಂದ್ರ ಏನಣ್ಣಾ?" ಅಂದ. ಪಕ್ಕದಲ್ಲಿದ್ದ ಮುದುಕಿ, "ಬಾಯಿ ಕಟ್ಟೂದಪ್ಪ" ಅಂದಳು. ನಕ್ಕೆವು. ಆಮೇಲೆ ನಗು ನಿಂತಿತು. ಗಿರಣಿಯಲ್ಲಿ ಜೋಳ ಬೀಸಿಕೊಡದೆ, ಅಂಗಡಿಯಲ್ಲಿ ಉಪ್ಪು ಕೊಡದೆ, ಕೂಲಿಗೆ ಕರೆಯದೆ ಊರು ಕೇರಿಯ ಬಾಯಿ ಕಟ್ಟಿದ್ದನ್ನು ಕಂಡವಳು ಅವಳು. ನಿಘಂಟಿನ ಹಂಗಿಲ್ಲದೆ ಅರ್ಥ ಹೇಳಿದ್ದಳು.

ಆದರೆ ಈ ಮಾತು ಹುಟ್ಟಿದ್ದು ಉಳ್ಳವರ ಬಾಯಲ್ಲಿ ಅಲ್ಲ. ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಜಿಲ್ಲೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪಾರುಪತ್ಯಗಾರ. 1880ರಲ್ಲಿ ಬೆಳೆ ಕೆಟ್ಟಿತ್ತು, ರೈತರು ಗೇಣಿ ಇಳಿಸಿರೆಂದರು. ಇವನು ಒಕ್ಕಲೆಬ್ಬಿಸುವ ನೋಟೀಸು ಕಳಿಸಿದ.  ಆಳುಗಳು ಹೊಲ ಬಿಟ್ಟರು, ಕಮ್ಮಾರ ಲಾಳ ಕಟ್ಟಲಿಲ್ಲ, ಅಂಗಡಿಯವ ಸಾಮಾನು ಕೊಡಲಿಲ್ಲ. ಕೊನೆಗೆ ಹೊರಗಿಂದ 50 ಜನ ಬಂದು ಸುಗ್ಗಿ ಮಾಡಬೇಕಾಯಿತು, ಅವರ ಕಾವಲಿಗೆ ಸುಮಾರು ಸಾವಿರ ಸಿಪಾಯಿಗಳು! ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಾಲು ಹೆಚ್ಚಾಯಿತು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇದ್ದ ಪಂಡಿತರ ಮಾತು ರೈತರ ನಾಲಿಗೆಗೆ ಒಗ್ಗದೆಂದು ಓಮ್ಯಾಲಿ ಎಂಬ ಪಾದ್ರಿ ಆ ಪಾರುಪತ್ಯಗಾರನ ಹೆಸರನ್ನೇ ಕ್ರಿಯಾಪದ ಮಾಡಿದರೆಂದು ಹೇಳುತ್ತಾರೆ. ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಅಲ್ಲಿ ಹೊಲವಿಲ್ಲದವರು ಹೊಲದೊಡೆಯನ ಕಡೆಯವನಿಗೆ ಮಾಡಿದ್ದನ್ನು ಇಲ್ಲಿ ಹೊಲದೊಡೆಯರು ಹೊಲವಿಲ್ಲದವರಿಗೆ ಮಾಡುತ್ತಾರೆ. ಹೆಸರೊಂದೇ, ಕೆಲಸ ತಿರುವುಮುರುವು. ಐರ್ಲೆಂಡಿನ ಬಾಯ್ಕಾಟ್ ಊರು ಬಿಟ್ಟು ಇಂಗ್ಲೆಂಡಿಗೆ ಹೋದ. ನಮ್ಮ ಕೇರಿ ಎಲ್ಲಿಗೆ ಹೋಗಬೇಕು?

ಬಾಬಾಸಾಹೇಬರು ಈ ಆಯುಧದ ಅಲಗನ್ನು ಚೆನ್ನಾಗಿ ಬಲ್ಲವರು. 1927ರಲ್ಲಿ ಅವರು ಹೊರಡಿಸಿದ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಅವರು, ಬಹಿಷ್ಕಾರ ಹಾಕುವುದನ್ನು ಅಪರಾಧವೆಂದು ಬರೆಯಿರಿ ಎಂದು ಕೇಳಿದರು. ಮಾದರಿಯಾಗಿ ಇಟ್ಟದ್ದು 1922ರ ಬರ್ಮಾ ದೇಶದ ಕಾನೂನು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನಿನಲ್ಲಿ ಆ ಮಾತು ಬಂತು. 1989ರ ದೌರ್ಜನ್ಯ ತಡೆ ಕಾನೂನಿಗೆ ಅದು ಹೆಸರು ಹಿಡಿದು ಸೇರಿದ್ದು 2015ರ ತಿದ್ದುಪಡಿಯಲ್ಲಿ.

ಆದ್ದರಿಂದ ಕೇರಿಯವರ ಅರ್ಜಿ ಬರೆದುಕೊಡುವ ಗೆಳೆಯರೆ, 'ಊರಲ್ಲಿ ತಕರಾರು' ಅಂತ ಬರೆಯಬೇಡಿ. 'ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ' ಅಂತ ಬರೆಯಿರಿ. ಗಿರಣಿ ಯಾವತ್ತಿನಿಂದ ಬಂದಾಯಿತು, ಕೂಲಿಗೆ ಬರಬೇಡ ಅಂದವರು ಯಾರು, ತಾರೀಖು ಸಮೇತ ಬರೆಯಿರಿ.

ಅಷ್ಟರಲ್ಲಿ ಗಾಡಿ ಬಂತು. ಹುಡುಗ ಪುಸ್ತಕದ ಅಂಚಿನಲ್ಲಿ ಮುದುಕಿಯ ಮಾತನ್ನೇ ಬರೆದುಕೊಂಡ.